ಇಬ್ಬರಿಗೂ ಗುಳಿಗೆ ಕೊಡುತ್ತಿದ್ದ ಅಕ್ಕಾರು

"ಬಾಯಿ ತಗಿ. ನಾಲಿಗಿ ಎತ್ತು. ಆ ಕಡೆ ದವಡಿ ತೋರಸು."

ದೊಡ್ಡ ಮೀಸೆಯ, ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥ ಗಂಡಸರನ್ನು ಎದುರು ನಿಲ್ಲಿಸಿಕೊಂಡು ಅಕ್ಕಾರು ಹೀಗೆ ಹೇಳುತ್ತಿದ್ದರು. ಅವರು ಸರಕಾರಿ ನರ್ಸು. ಗಜೇಂದ್ರಗಡದಿಂದ ಸೂಡಿ ಕಡೆಗಿನ ಕೆಲವು ಹಳ್ಳಿಗಳು ಅವರ ಪಾಲಿಗೆ ಬಂದಿದ್ದವು. ಕೈಯಲ್ಲಿ ಒಂದು ತಂಬಿಗೆ ನೀರು, ಕಂಕುಳಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ನೋಟ್‌ಬುಕ್ಕು. ಗುಳಿಗೆ ಗಂಟಲಲ್ಲಿ ಇಳಿದದ್ದು ಖಾತ್ರಿಯಾಗುವವರೆಗೆ ಆ ಗಂಡಸನ್ನು ಬಾಗಿಲು ದಾಟಗೊಡುತ್ತಿರಲಿಲ್ಲ. ಸೂಡಿ ಕಡೆಯ ಒಬ್ಬ ಗೌಡರು ಗುಳಿಗೆಯನ್ನು ತಂಬಾಕಿನ ಜೊತೆ ದವಡೆಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಉಗುಳಿದರಂತೆ. ಅಕ್ಕಾರು ಅವರ ಹಿಂದೆಯೇ ಹೋಗಿ, ಉಗುಳಿದ್ದನ್ನು ಕಡ್ಡಿಯಲ್ಲಿ ಕೆದಕಿ ತೋರಿಸಿ, "ಗೌಡ್ರ, ಇನ್ನೊಂದು ಕೊಡತೀನಿ ಬರ್ರಿ, ನನ್ನ ಹಂತೇಕ ಭಾಳ ಅದಾವು" ಅಂದರಂತೆ. ಈ ಕತೆ ನನಗೆ ಹೇಳಿದವರು ಆ ಗೌಡರೇ.

ನನ್ನ ನಾಲಿಗೆಯನ್ನು ಮಾತ್ರ ಅವರು ಎತ್ತಿಸಲಿಲ್ಲ. ಔಷಧದ ವ್ಯಾಪಾರ ಮಾಡುವವನಿಗೆ ಔಷಧ ನುಂಗಲು ಹೇಳಿಕೊಡಬೇಕೆ ಎಂದು ಬಿಟ್ಟಿರಬೇಕು. ಹೋದ ತಿಂಗಳು ಅವರು ರೋಣದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಲು ನನಗೇನು ಅಧಿಕಾರವಿದೆ ಎಂದು ಯಾರಾದರೂ ಕೇಳಿದರೆ, ಅವರ ಕೆಲಸವನ್ನು ಎಲ್ಲರಿಗಿಂತ ಹೆಚ್ಚು ಕೆಡಿಸಿದವನು ನಾನು, ಆ ಅಧಿಕಾರ ಇದೆ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಮೆಡಿಕಲ್ ಅಂಗಡಿ. ಅಕ್ಕಾರು ಮೊದಲ ಸಲ ಬಂದದ್ದೇ ಜಗಳಕ್ಕೆ. ಹಳ್ಳಿಯಿಂದ ಬಂದ ಹೆಂಗಸರು "ಎರಡು ದಿನದ್ದ ಕೊಡ್ರಿ" ಎನ್ನುತ್ತಿದ್ದರು, ನಾನು ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಿದ್ದೆ. ಎಲ್ಲ ಅಂಗಡಿಯವರೂ ಮಾಡುವುದು ಅದನ್ನೇ. ಅಕ್ಕಾರು ಕೌಂಟರಿನ ಮೇಲೆ ಕೈಯಿಟ್ಟು, "ಅಂಗಡಿಯವರ, ಹದಿನಾಕ ದಿನದ ಔಷಧಾನ ಎರಡು ದಿನ ನುಂಗಿದ್ರ ಬ್ಯಾನಿ ಹೋಗೂದಿಲ್ಲ, ಗಟ್ಟಿ ಆಗತೈತಿ. ಮತ್ತ ಆ ಔಷಧಕ್ಕ ಅದು ಬಗ್ಗೂದಿಲ್ಲ" ಅಂದರು. ನಾನು ನಕ್ಕೆ. ಗಿರಾಕಿ ಕೇಳಿದ್ದು ಕೊಡುವುದು ನನ್ನ ಕೆಲಸ ಎಂದೆ. ಅವರು ಮರುಮಾತಾಡದೆ ಕೌಂಟರಿನ ಮೇಲಿದ್ದ ನನ್ನ ಕತ್ತರಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಸೂಡಿ ಬಸ್ ಹತ್ತಿಬಿಟ್ಟರು. ಮೂರು ದಿನ ಬ್ಲೇಡಿನಲ್ಲಿ ಕತ್ತರಿಸಿದೆ. ನಾಲ್ಕನೆಯ ದಿನ ಕತ್ತರಿ ವಾಪಸು ತಂದು, "ಕೈ ಕೊಯ್ಕೊಂಡೀಯಂತ ತಂದೆ" ಅಂದರು. ಅವತ್ತಿನಿಂದ ನಾನು ಅವರಿಗೆ ತಮ್ಮ, ಅವರು ನನಗೆ ಅಕ್ಕಾರು.

ನಮ್ಮ ಕಡೆ ಹೆಂಗಸಿಗೆ ಕಿಬ್ಬೊಟ್ಟೆ ನೋವು, ಬಿಳಿ ಹೋಗುವುದು, ಸಣ್ಣ ಜ್ವರ ಶುರುವಾದರೆ ಮೊದಲು "ಕಾವು ಆಗೇತಿ" ಎನ್ನುತ್ತಾರೆ. ಜೀರಿಗೆ ನೀರು, ಮಜ್ಜಿಗೆ, ಲೋಳಸರ ಎಲ್ಲ ಆಗುತ್ತದೆ. ಆಮೇಲೆ ನನ್ನಂಥವನ ಅಂಗಡಿಯ ಎರಡು ದಿನದ ಗುಳಿಗೆ. ಅದಾದ ಮೇಲೆ ಯಾವುದೋ ಊರಿನ ಯಾವುದೋ ಖಾಸಗಿ ದವಾಖಾನೆಗೆ ಹೋಗಿ ಚೀಲ ತೆಗೆಸುವುದು. ಚೀಲ ಅಂದರೆ ಗರ್ಭಚೀಲ. ಮೂವತ್ತು ತುಂಬದ ಹೆಣ್ಣುಮಕ್ಕಳೂ ಹಲ್ಲು ಕೀಳಿಸಿಕೊಂಡು ಬಂದಷ್ಟು ಹಗುರಾಗಿ ಹೇಳುತ್ತಿದ್ದರು, "ತಗಿಸಿಬಿಟ್ಟೆನ್ರಿ, ಜಂಜಾಟ ಹೋತು." ಹೋಗುತ್ತಿರಲಿಲ್ಲ. ಎರಡು ವರ್ಷಕ್ಕೆ ಸೊಂಟ, ಮೊಣಕಾಲು, ಮೈಯೆಲ್ಲ ಬೆಂಕಿ ಹಚ್ಚಿದಂಥ ಬಿಸಿ ಎಂದು ನನ್ನ ಕೌಂಟರಿಗೇ ಬರುತ್ತಿದ್ದರು.

ಅಕ್ಕಾರ ಜಗಳವೆಲ್ಲ ಈ ಚೀಲ ಉಳಿಸುವುದಕ್ಕೆ. ಯಾರ ಮನೆಯ ಕಟ್ಟೆಯ ಮೇಲೆ ಕೂತರೂ ಅದೇ ಮಾತು. "ಚೀಲಕ್ಕ ಬಾವು ಬಂದೈತಿ, ಕೊಳತಿಲ್ಲ. ಕಣ್ಣು ಕೆಂಪಾದ್ರ ಕಣ್ಣು ಕೀಳಸ್ತೀರೇನು? ಮೊದ್ಲ ಡಾಕ್ಟರಿಗೆ ತೋರಸೂದು. ಒಂದು ಇಂಜಕ್ಷನ್, ಹದಿನಾಕ ದಿನ ಗುಳಗಿ. ಕಾಪರ್‌ಟಿ ಹಾಕಿಸಿಕೊಂಡಿದ್ರ ಅದನ್ನೂ ನೋಡಸೂದು. ಮೂರು ದಿನದಾಗ ಜ್ವರ ಇಳೀಲಿಲ್ಲಂದ್ರ ದವಾಖಾನ್ಯಾಗ ಮಲಗಿ ಸಲಾಯಿನ್ ಹಾಕಿಸಿಕೊಳ್ಳೂದು. ಕೀವು ತುಂಬೇತಂದ್ರ ಆಗ ಆಪರೇಶನ್ ಮಾತು. ತಗಿಯೂದು ಎಲ್ಲಾ ಆದಮ್ಯಾಲಿಂದು, ಮೊದಲಿಂದಲ್ಲ." ಇಷ್ಟು ಹೇಳಿ, ದನಿ ಇಳಿಸದೆ, ಮಾವ ಭಾವ ಯಾರೇ ಕೂತಿದ್ದರೂ ಮುಂದಿನದನ್ನೂ ಹೇಳಿಬಿಡುತ್ತಿದ್ದರು. "ಗುಳಗಿ ಗಂಡ ಹೆಂಡ್ತಿ ಇಬ್ಬರಿಗೂ. ಗುಳಗಿ ಮುಗಿಯೂತನಾ ಇಬ್ಬರೂ ಬ್ಯಾರೆ ಬ್ಯಾರೆ ಮಲಗೂದು. ಅಕಿ ಒಬ್ಬಾಕಿ ನುಂಗಿದ್ರ, ಇಂವ ಮತ್ತ ತಂದು ಕೊಡತಾನ."

ರೋಣದ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಬರೆದುಕೊಡುತ್ತಿದ್ದರು. ನುಂಗಿಸುವುದು ಇವರ ಕೆಲಸ. ಗಂಡಸರನ್ನು ಕರೆಸಲು ಅವರ ಹತ್ತಿರ ನೂರು ನೆಪ ಇದ್ದವು. ರಕ್ತದ ಗುಂಪು ನೋಡಬೇಕು, ರೇಷನ್ ಕಾರ್ಡಿನ ಹೆಸರು ತಾಳೆ ನೋಡಬೇಕು, ಸಾಹೇಬರು ಬಂದಿದ್ದಾರೆ. ಹದಿನಾಲ್ಕು ದಿನ ಸೊಸೆಯನ್ನು ಅತ್ತೆಯ ಮಗ್ಗುಲಲ್ಲಿ ಮಲಗಿಸುವ ಏರ್ಪಾಡನ್ನೂ ಅವರೇ ಮಾಡುತ್ತಿದ್ದರು. ಕೆಲವು ಅತ್ತೆಯರು ಈ ಕೆಲಸವನ್ನು ಭಾಳ ಸಂತೋಷದಿಂದ ಮಾಡಿದರು. ದಿನಾ ಹೋಗಲಾಗದ ಮನೆಯವರಿಗೆ ಇನ್ನೊಂದು ಪದ್ಧತಿ: ಖಾಲಿಯಾದ ಸ್ಟ್ರಿಪ್ಪುಗಳನ್ನು ಎಸೆಯದೆ ತಂದು ತೋರಿಸಬೇಕು. ಗಂಡನದೊಂದು, ಹೆಂಡತಿಯದೊಂದು. ಎರಡೂ ಬಂದರೆ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ಜೋಡಿ ಗೆರೆ ಎಳೆಯುತ್ತಿದ್ದರು. ಒಂದೇ ಬಂದರೆ ಒಂಟಿ ಗೆರೆ, ಮತ್ತು ಮರುದಿನ ಆ ಮನೆಯ ಗಂಡಸಿಗೆ ಗ್ರಹಚಾರ.

ಅವರಿಗೆ ಮನೆ ಮಕ್ಕಳು ಅಂತ ಇರಲಿಲ್ಲ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಅವರದು. ಕಟಕ ರೊಟ್ಟಿಯನ್ನು ಮುರಿದು ಶೇಂಗಾಪುಡಿಗೆ ಹಚ್ಚಿಕೊಂಡು ತಿನ್ನುತ್ತಾ, ಪಕ್ಕದಲ್ಲಿ ಕೂತ ಹೆಂಗಸಿನ ಹೊಟ್ಟೆನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುತ್ತಿದ್ದರು. ಕಂಡಕ್ಟರು ನಾಚಿಕೊಂಡು ಹಿಂದಿನ ಬಾಗಿಲಿಗೆ ಹೋಗುತ್ತಿದ್ದನಂತೆ.

ಈಗ ನನ್ನ ಮಾತಿಗೆ ಬರುತ್ತೇನೆ.

ಮಗಳು ಹುಟ್ಟಿ ಎರಡು ವರ್ಷವಾಗಿತ್ತು. ಹೆಂಡತಿಗೆ ಕಿಬ್ಬೊಟ್ಟೆ ನೋವು ಶುರುವಾಯಿತು. ಬಗ್ಗಿ ಕಸ ಗುಡಿಸಲು ಆಗುತ್ತಿರಲಿಲ್ಲ. ಓಣಿಯ ಹೆಂಗಸರು ತೆಗೆಸಿಬಿಡು ಅಂದರು. ಅವಳಿಗೆ ಇನ್ನೊಂದು ಮಗು ಬೇಕಾಗಿತ್ತು. ಅಕ್ಕಾರು ಅವಳನ್ನು ರೋಣಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಗರ್ಭಕೋಶದ ಉರಿಯೂತ, ಔಷಧದಲ್ಲಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಇಬ್ಬರಿಗೂ ಚೀಟಿ ಬಂತು.

ಅಂಗಡಿಗೆ ಬಂದು ಆ ಚೀಟಿ ಕೊಡುವಾಗ ಅಕ್ಕಾರು ಹೇಳಿದ್ದು ಇಷ್ಟೇ: "ಎಲ್ಲಿಂದ ಬಂತು ಏನು ಅಂತ ನಾ ಯಾರಿಗೂ ಕೇಳೂದಿಲ್ಲ, ತಮ್ಮಾ. ನಿನಗೂ ಕೇಳೂದಿಲ್ಲ. ನುಂಗು, ಮುಗೀತು."

ನನಗೆ ಗೊತ್ತಿತ್ತು ಎಲ್ಲಿಂದ ಬಂತು ಅಂತ. ಔಷಧ ತರಲು ಹುಬ್ಬಳ್ಳಿಗೆ ಹೋದಾಗ ಹೋಗಬಾರದ ಕಡೆ ಹೋಗಿದ್ದೆ. ಮದುವೆಗೆ ಮುಂಚೆ ಎರಡು ಸಲ, ಮದುವೆಯಾದ ಮೇಲೆ ಒಂದು ಸಲ. ಆ ಗುಳಿಗೆಯನ್ನು ಹೆಂಡತಿಯ ಎದುರು ನುಂಗುವುದೆಂದರೆ ಅದನ್ನೆಲ್ಲ ಒಪ್ಪಿಕೊಂಡಂತೆ ಎಂದು ನನಗೆ ಅನಿಸಿತು. ನನ್ನ ಮೈಯಲ್ಲಿ ಏನೂ ತೊಂದರೆ ಇರಲಿಲ್ಲ, ಉರಿಯಿಲ್ಲ, ನೋವಿಲ್ಲ. ನಾಕು ಮಂದಿಗೆ ಔಷಧ ಕೊಡುವ ನಾನು ಆ ರೋಗದ ಗುಳಿಗೆ ನುಂಗುವುದೇ ಎಂಬ ಸೊಕ್ಕೂ ಇತ್ತು. "ಅಂಗಡ್ಯಾಗ ನುಂಗೇನಿ" ಎಂದು ಅವಳಿಗೆ ಹೇಳಿದೆ. ಅಂಗಡಿಯಲ್ಲಿ ದಿನಕ್ಕೆ ಇಷ್ಟರಂತೆ ಗುಳಿಗೆ ಒತ್ತಿ ಹೊರಗೆ ತೆಗೆದು ಒಂದು ಬಾಟಲಿಗೆ ಹಾಕಿಟ್ಟೆ. ಹದಿನಾಲ್ಕನೆಯ ದಿನ ಖಾಲಿ ಸ್ಟ್ರಿಪ್ಪುಗಳನ್ನು ಅಕ್ಕಾರಿಗೆ ತೋರಿಸಿದೆ. ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ, ಎರಡು ದಿನದ್ದು ಕೇಳಿದವರಿಗೆ ಮಾರಿದೆ. ಅಕ್ಕಾರು ನಮ್ಮ ಹೆಸರಿನ ಮುಂದೆ ಜೋಡಿ ಗೆರೆ ಎಳೆದರು.

ಹದಿನಾಲ್ಕು ದಿನ ಬೇರೆ ಮಲಗಿದ್ದು ನಿಜ. ಹದಿನೈದನೆಯ ದಿನದಿಂದ ಮೊದಲಿನಂತೆ.

ಅವಳಿಗೆ ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಅಕ್ಕಾರು ಮತ್ತೆ ರೋಣಕ್ಕೆ ಕರೆದುಕೊಂಡು ಹೋದರು, ಮತ್ತೆ ಇಬ್ಬರಿಗೂ ಗುಳಿಗೆ, ಮತ್ತೆ ನನ್ನ ಬಾಟಲಿ. ಒಮ್ಮೆ ಸುಳ್ಳು ಹೇಳಿದ ಮೇಲೆ ಎರಡನೆಯ ಸಲ ನಿಜವಾಗಿ ನುಂಗಿದರೆ, ಅವಳಿಗೆ ಪೂರ್ತಿ ವಾಸಿಯಾದರೆ, ಮೊದಲ ಸಲದ ಸುಳ್ಳು ಹೊರಗೆ ಬೀಳುತ್ತದಲ್ಲ ಎಂದು ಹೆದರಿದೆ. ಇಂಥ ದಡ್ಡ ಲೆಕ್ಕ ಯಾರಾದರೂ ಹಾಕಿಯಾರೆ? ನಾನು ಹಾಕಿದೆ.

ವರ್ಷ ತುಂಬುವುದರೊಳಗೆ ಮೂರನೆಯ ಸಲ ಬಂದಾಗ ಜ್ವರ ಇಳಿಯಲಿಲ್ಲ. ಒಳಗೆ ಕೀವು ತುಂಬಿದೆ ಎಂದು ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಚೀಲ ತೆಗೆದರು. ಅವಳಿಗೆ ಆಗ ಇಪ್ಪತ್ತೇಳು.

ಹಾಸಿಗೆಯ ಹತ್ತಿರ ಅಕ್ಕಾರು ಬಂದು ನಿಂತಾಗ ಹೆಂಡತಿ ಗೋಡೆ ಕಡೆ ಹೊರಳಿದಳು. "ವರ್ಷಾನಗಟ್ಲೆ ಗುಳಗಿ ತಿನ್ನಿಸಿ ತಿನ್ನಿಸಿ ಕೊಲ್ಲಾಕ ಹತ್ತಿದ್ರಿ. ಬಾಜೂಮನಿಯಾಕಿ ಒಂದ ಸಲಕ್ಕ ತಗಿಸಿ ಆರಾಮ ಅದಾಳ. ನಿಮ್ಮ ಮಾತ ಕೇಳಿ ನಾ ಹಾಳಾದೆ." ಅಕ್ಕಾರು ಅವಳ ಹೊದಿಕೆ ಸರಿಮಾಡಿದರು. ಹೊರಗೆ ಬಂದು ವರಾಂಡದಲ್ಲಿ ನನ್ನನ್ನು ಕೇಳಿದರು.

"ತಮ್ಮಾ, ಖರೇ ಹೇಳು. ಒಂದ ದಿನಾನರ ಗುಳಗಿ ತಪ್ಪಿಸಿದ್ದೇನು?"

"ಇಲ್ರಿ ಅಕ್ಕಾರ. ನೀವ ಸ್ಟ್ರಿಪ್ ನೋಡೀರಲ್ಲ."

"ಹೌದು, ನೋಡೇನಿ" ಅಂದರು. ನನ್ನ ಭುಜ ತಟ್ಟಿ, "ನೀ ಮಾಡೂದೆಲ್ಲಾ ಮಾಡಿದಿ. ನನ್ನದ ಎಲ್ಲೋ ತಪ್ಪೇತಿ" ಅಂದರು.

ಆಮೇಲೆ ಹದಿನೈದು ವರ್ಷ ನನ್ನ ಹೆಂಡತಿ ಅವರ ಜೊತೆ ಮಾತಾಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಸೆರಗು ಹೊದ್ದುಕೊಂಡು ಆಚೆ ಹೋಗುತ್ತಿದ್ದಳು. ಅಕ್ಕಾರು ನಿಂತು ಅವಳು ದಾಟಿ ಹೋಗುವವರೆಗೆ ಕಾಯುತ್ತಿದ್ದರು. ನಾನು ಅಂಗಡಿಯೊಳಗಿಂದ ಇದನ್ನು ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆ ಮಾತನ್ನು ನಾಳೆ ನಾಳೆ ಎಂದು ತಳ್ಳಿದೆ.

ಅಕ್ಕಾರು ಬದಲಾದದ್ದನ್ನೂ ನಾನು ನೋಡಿದೆ, ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಅವರು ಕಳಿಸುತ್ತಿದ್ದ ಜೋಡಿ ಚೀಟಿಗಳು ನನ್ನ ಅಂಗಡಿಗೆ ಬರುವುದು ಕಡಿಮೆಯಾಯಿತು. ಗಂಡಸರ ನಾಲಿಗೆ ಎತ್ತಿಸಿದ ಕತೆಗಳು ನಿಂತವು. ಅವರ ಹಳ್ಳಿಗಳಿಂದಲೂ ಸೊಂಟ ಹಿಡಿದುಕೊಂಡು ಕ್ಯಾಲ್ಸಿಯಂ ಕೇಳುವ ಮೂವತ್ತು ಮೂವತ್ತೆರಡರ ಹೆಂಗಸರು ಬರತೊಡಗಿದರು. ವಯಸ್ಸಾಯಿತು, ಓಡಾಡಲು ಆಗುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ರಿಟೈರಾಗಿ ರೋಣಕ್ಕೆ ಹೋದರು.

ಈ ವರ್ಷ ಮಗಳ ಮದುವೆ ಗೊತ್ತಾಯಿತು. ಅಕ್ಕಾರಿಗೆ ಎದೆಯ ಬೇನೆ, ಮನೆ ಬಿಟ್ಟು ಹೊರಬೀಳುವುದಿಲ್ಲ ಎಂದು ಕೇಳಿದ್ದೆ. ಹೆಂಡತಿ, "ಆಕಿಗೆ ಮಾತ್ರ ಕಾರ್ಡ ಕೊಡಬ್ಯಾಡ್ರಿ" ಎಂದಿದ್ದಳು. ಅವಳಿಗೆ ಹೇಳದೆ ಒಂದು ಕಾರ್ಡ್ ತೆಗೆದುಕೊಂಡು ಬೈಕಿನ ಮೇಲೆ ರೋಣಕ್ಕೆ ಹೋದೆ.

ಅಕ್ಕಾರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಾಲು ಬಾತಿದ್ದವು. ಕಾರ್ಡನ್ನು ಎರಡು ಸಲ ಓದಿದರು. "ನಿನ್ನ ಮನಿಯಾಕಿ ಬರಲಿಲ್ಲಲ್ಲ?" ಅಂದರು.

"ಅಕಿ ಸಿಟ್ಟಿನ್ಯಾಗ ತಪ್ಪಿಲ್ಲ ಬಿಡು, ತಮ್ಮಾ. ನಾ ಬ್ಯಾಡ ಬ್ಯಾಡ ಅಂತ ವರ್ಷ ನರಳಿಸಿದೆ, ಕಡೀಕ ಕೀವು ತುಂಬಿ ಜೀವಕ್ಕ ಬಂತು. ಇಬ್ಬರೂ ಬರೋಬ್ಬರಿ ನುಂಗಿದ್ರೂ ಹೋಗಲಾರದ್ದು ಇರತೈತಿ, ನನಗ ಗೊತ್ತಿರಲಿಲ್ಲ ಅಂದ್ಕೊಂಡೆ. ಆವತ್ತಿಂದ ತಗಸ್ತೀನಿ ಅಂದವರಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಈಗೂ ಕೇಳಾಕ ಬರತಾರ. ಮೊನ್ನೆ ಅಸೂಟಿ ಊರಿನ ಹುಡುಗಿ ಒಂದು ಬಂದಿತ್ತು, ಇಪ್ಪತ್ತಾರರಾಕಿ. ಅತ್ತಿ ತಗಸು ಅಂತಾಳ, ಏನ ಮಾಡ್ಲಿ ಅಕ್ಕಾರ ಅಂತ ಅತ್ತಳು. ಮೊದಲಿನ ನಾನಾಗಿದ್ರ ಗಂಡನ ಕರಕೊಂಡು ಬಾ ಅಂತಿದ್ದೆ. ಆತವಾ, ತಗಸು ಅಂದೆ. ಗುರುವಾರ ಐತಿ ಅಕಿದು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಹುಬ್ಬಳ್ಳಿ, ಬಾಟಲಿ, ಖಾಲಿ ಸ್ಟ್ರಿಪ್ಪು, ಎಲ್ಲ ಹೇಳಿದೆ. ಎರಡು ಸಲವೂ ಒಂದೇ ಒಂದು ಗುಳಿಗೆ ನುಂಗಲಿಲ್ಲ ಎಂದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಮಂಚದ ಕಾಲನ್ನೇ ನೋಡುತ್ತಿದ್ದೆ. ಅವರು, ತಾವು ಬೇಡ ಅನ್ನದೆ ಬಿಟ್ಟವರನ್ನು ಒಬ್ಬೊಬ್ಬರನ್ನೇ ಕರೆದಂತೆ ನಿಧಾನವಾಗಿ ಹೇಳತೊಡಗಿದರು. "ಹಂಗಾದ್ರ ಸೂಡಿ ಕುಂಬಾರ ಮನಿ ಸೊಸಿ. ಆ ಅಂಗನವಾಡಿ ಆಯಾನ ಮಗಳು. ಗುಡ್ಡದ ಕೆಳಗಿನ ಓಣಿ ಅಕ್ಕ ತಂಗಿ..." ಅರ್ಧಕ್ಕೆ ನಿಲ್ಲಿಸಿ ಕೇಳಿದರು.

"ಇವತ್ತ ಯಾ ವಾರ?"

"ಮಂಗಳವಾರ."

"ಗಾಡಿ ತಂದೀರೇನು?"

ಬೇಡ ಅಂದೆ, ನಿಮಗೆ ಆಗುವುದಿಲ್ಲ ಅಂದೆ. ಅವರು ಆಗಲೇ ಮಂಚ ಹಿಡಿದು ಎದ್ದು ನಿಂತಿದ್ದರು. ಅವರ ಹತ್ತಿರ ಆ ಹುಡುಗಿಯ ಗಂಡನ ಫೋನ್ ನಂಬರು ಇತ್ತು, ಹಚ್ಚಿದರೆ ಹತ್ತುತ್ತಿರಲಿಲ್ಲ. ಬೈಕಿನ ಹಿಂದೆ ಒಂದು ಕಡೆ ಕಾಲು ಹಾಕಿ ಕೂತರು. ನನ್ನನ್ನು ಹಿಡಿದುಕೊಳ್ಳಲಿಲ್ಲ, ಸೀಟಿನ ಕಂಬಿ ಹಿಡಿದುಕೊಂಡರು. ಎರೆಹೊಲದ ನಡುವಿನ ಆ ರಸ್ತೆ ಕೆಟ್ಟದ್ದು. ಒಂದೊಂದು ತಗ್ಗಿಗೂ ಅವರು ಉಸಿರು ಹಿಡಿಯುವುದು ನನಗೆ ಕೇಳುತ್ತಿತ್ತು.

ಅಸೂಟಿಯಲ್ಲಿ ಆ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಶೇಂಗಾ ಸುಲಿಯುತ್ತಾ ಕೂತಿದ್ದಳು. "ಮುಂಜಾನಿ ಬಸ್ಸಿಗೇ ಹೋದ್ರಲ್ರಿ. ಗುರುವಾರ ಡಾಕ್ಟರ್ ಇರೂದಿಲ್ಲಂತ, ಇವತ್ತ ಬಂದಬಿಡ್ರಿ ಅಂತ ನಿನ್ನಿ ಫೋನ್ ಬಂದಿತ್ತು."

ಅಷ್ಟರಲ್ಲಿ ಫೋನ್ ಹತ್ತಿತು. ಗಂಡನ ದನಿ ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. ಖುಷಿಯ ದನಿ. "ಆತ್ರಿ ಅಕ್ಕಾರ, ಈಗ ಹೊರಗ ತಂದ್ರು. ಚಲೋ ಆಗೇತಂತ. ನೀವ ಧೈರ್ಯ ಹೇಳಿದ್ದಕ್ಕ ಅಕಿ ಹೂಂ ಅಂದಳು."

ಅಕ್ಕಾರು ಹೇಳಿದರು, "ಆತಪಾ. ಡಾಕ್ಟರ್ ಹೇಳೂತನಾ ನೀರ ಕುಡಸಬ್ಯಾಡ್ರಿ. ಮೂರು ತಿಂಗಳ ಭಾರ ಎತ್ತಸಬ್ಯಾಡ. ಕೊಡ ಅಂತೂ ಹೊರಸಬ್ಯಾಡ, ತಿಳೀತೇನು? ನೀನ ಹೊರು." ಫೋನಿಟ್ಟು ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಕೂತರು. ಪಕ್ಕದ ಹೆಂಗಸು ನೀರು ತಂದುಕೊಟ್ಟಳು. ಕುಡಿದರು.

"ಮನಿಯಾಗ ಹೇಳೀರೇನು ಇದನ್ನ?" ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷ ನನ್ನನ್ನು ಏಕವಚನದಲ್ಲೇ ಕರೆದವರು.

"ಇಲ್ರಿ."

"ಹೇಳ್ರಿ. ನಾ ಸತ್ತಮ್ಯಾಲ ಅಲ್ಲ, ನಾ ಇದ್ದಾಗ ಹೇಳ್ರಿ. ಅಕಿ ಒಮ್ಮೆ ನನ್ನ ಮಾರಿ ನೋಡಿ ಮಾತಾಡ್ಲಿ. ನನಗ ಅಷ್ಟ ಸಾಕು."

ಹೇಳುತ್ತೇನೆ ಎಂದೆ. ಬೈಕ್ ತಿರುಗಿಸಿ ನಿಲ್ಲಿಸಿದೆ. ಅವರು ಹತ್ತಲಿಲ್ಲ. "ನೀವ ಹೋಗ್ರಿ ಅಂಗಡಿಯವರ, ನಾ ಬಸ್ಸಿಗೆ ಹೋಗತೀನಿ" ಅಂದರು. ರೋಣದ ಬಸ್ಸು ಬರುವವರೆಗೆ ನಾನು ದೂರದಲ್ಲಿ ನಿಂತಿದ್ದೆ. ಕಂಡಕ್ಟರು ಇಳಿದು ಬಂದು ಅವರ ರಟ್ಟೆ ಹಿಡಿದು ಹತ್ತಿಸಿದ.

ಮದುವೆಯಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಮದುವೆಯಾಯಿತು. ಮಗಳನ್ನು ಒಮ್ಮೆ ಕರೆತರೋಣ, ಆಮೇಲೆ ಅಂದುಕೊಂಡೆ. ಅಸೂಟಿಗೆ ಹೋಗಿಬಂದ ಎರಡು ತಿಂಗಳಿಗೆ, ಅಕ್ಕಾರು ತೀರಿಕೊಂಡರೆಂದು ರೋಣದಿಂದ ಫೋನ್ ಬಂತು.

ಮಣ್ಣಿಗೆ ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸತ್ತವರ ಮ್ಯಾಲ ಸಿಟ್ಟ ಇಟಗೋಬಾರದಂತಾರ. ಆದ್ರ ನನ್ನ ಕಡಿಂದ ಆಗೂದಿಲ್ರಿ. ಆಕಿ ಮಾರಿ ನಾ ನೋಡೂದಿಲ್ಲ. ನೀವ ಹೋಗಿ ಬರ್ರಿ" ಅಂದಳು.

"ಆತು" ಅಂದೆ. ಒಬ್ಬನೇ ಹೋದೆ.

ಮಣ್ಣಿಗೆ ಹತ್ತು ಹನ್ನೆರಡು ಹಳ್ಳಿಗಳ ಹೆಂಗಸರು ಬಂದಿದ್ದರು. ಸ್ಮಶಾನದ ತನಕ ಅಷ್ಟು ಹೆಂಗಸರು ಬಂದದ್ದನ್ನು ನಾನು ನಮ್ಮ ಕಡೆ ಎಂದೂ ನೋಡಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತವರೂ ಅವರಲ್ಲಿದ್ದರು. ಅಕ್ಕಾರು ಎಂಥವರು ಎಂದು ಎರಡು ಮಾತು ಹೇಳಲು ಯಾರೋ ನನ್ನನ್ನು ಮುಂದೆ ತಳ್ಳಿದರು. ಭಾಳ ಚಲೋ ಇದ್ದರು ಎಂದು ಹೇಳಿ ಹಿಂದೆ ಸರಿದೆ.

ಹೇಳಬೇಕಾದ್ದನ್ನು ಈಗ ಬರೆದಿದ್ದೇನೆ. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸಪ್ಪಳ ನಿಂತ ಮೇಲೆ ಈ ಕಾಗದವನ್ನು ಅವಳ ಕೈಗೆ ಕೊಡಬೇಕು.